ಓಡುವ ಲೆಕ್ಕ

ಎರಡರಿಂದ ಆರರ ತನಕ ಯಾವ ಎಲೆ ಬಿದ್ದರೂ ಒಂದು ಕೂಡು.
ಏಳು, ಎಂಟು, ಒಂಬತ್ತು
ಕಿಟಕಿ ಪಕ್ಕ ನಿದ್ದೆ ಹೋದವರು. ಎಬ್ಬಿಸಬೇಡ.
ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಇಳಿದರೆ
ಒಂದು ಕಳೆ.
ಇಷ್ಟೇ ವಿದ್ಯೆ ಮಗಾ, ಅಂದರು ಇನಾಸ್ ಮಾಮ
ಗೋಪಿ ಸರ್ಕಲ್ಲಿನ ಹಿಂದೆ, ಬೀಗದ ಕೈ ಕಡಿಯುವ ಗೂಡಂಗಡಿಯಲ್ಲಿ
ಹಿತ್ತಾಳೆ ಪುಡಿ ಮೆತ್ತಿದ ಬೆರಳಲ್ಲಿ ಕಟ್ಟು ಕಲೆಸುತ್ತ.
ಹನ್ನೊಂದು ವರ್ಷ ಪಣಜಿಯ ಹಡಗಿನಲ್ಲಿ ಎಲೆ ಹಂಚಿದ ಬೆರಳು.

ನನಗಿದು ಹೊಸತಲ್ಲ.
ಮಾಲೀಕರು ಬಸ್ಸು ಮಾರುವ ತನಕ
ಹದಿನಾಲ್ಕು ವರ್ಷ ಸಾಗರದ ರೂಟಿನಲ್ಲಿ ಮಾಡಿದ್ದೇ ಅದು.
ಆಯನೂರಲ್ಲಿ ಹತ್ತಿದರು ಮೂವರು, ಇಳಿದದ್ದು ಒಬ್ಬ,
ಕುಂಸಿಯಲ್ಲಿ ಒಂದು ಫುಲ್ಲು ಒಂದು ಹಾಫು,
ಚೋರಡಿಯ ಸೇತುವೆ ದಾಟುವಷ್ಟರಲ್ಲಿ
ಯಾರ ಕೈಯಲ್ಲಿ ಟಿಕೆಟ್ಟಿಲ್ಲ ಎಂದು
ನನ್ನ ಬೆನ್ನಿಗೇ ಗೊತ್ತಾಗುತ್ತಿತ್ತು.
ಐವತ್ತೆರಡೂ ಬಿದ್ದ ಮೇಲೆ ಸೊನ್ನೆಗೆ ಬಂದು ನಿಲ್ಲಬೇಕು ಲೆಕ್ಕ.
ನಿಲ್ಲದಿದ್ದರೆ ಎಲ್ಲೋ ಹಿಂದಿನ ಸೀಟಲ್ಲಿ
ಒಬ್ಬ ತಲೆ ತಗ್ಗಿಸಿ ಕೂತಿದ್ದಾನೆ.

ಲೆಕ್ಕ ಸುಲಭ. ಮುಖ ಕಷ್ಟ.
ತುಟಿ ಅಲ್ಲಾಡ್ತಿದೆ ನಿಂದು, ಅನ್ನುವರು ಮಾಮ.
ಗ್ರೈಂಡರು ಕಿರುಚುವಾಗ ಎಣಿಸು,
ಗೋದ್ರೆಜ್ ಬೀರುವಿನ ಕೈ ಕಳೆದುಕೊಂಡವಳ ಜತೆ
ಚೌಕಾಸಿ ಮಾಡುತ್ತ ಎಣಿಸು,
ಮಧ್ಯೆ ನಾನು ನಿನ್ನ ಅತ್ತೆಯ ಮಂಡಿನೋವು ವಿಚಾರಿಸ್ತೇನೆ,
ಉತ್ತರ ಕೊಡು, ಆಮೇಲೆ ಹೇಳು ಎಷ್ಟಕ್ಕಿತ್ತು ಅಂತ.
ಪ್ಲಸ್ ಏಳು, ಅನ್ನುತ್ತೇನೆ.
ಆರು, ಅನ್ನುತ್ತಾರೆ. ಮತ್ತೆ ಕಲೆಸುತ್ತಾರೆ.

ಮಾಡಿನ ತುಂಬ ಕ್ಯಾಮೆರಾ ಇರ್ತವೆ, ಅವಕ್ಕೆ ಹೆದರಬೇಡ.
ಗೆದ್ದವನನ್ನು ಹಿಡಿಯೋದಲ್ಲ ಅವರು.
ಹೇಗೆ ಗೊತ್ತಾಗೋದು ಹೇಳ್ಲಾ?
ಎಣಿಸುವವನ ಚಹಾ ತಣ್ಣಗಾಗ್ತದೆ.
ಆದ್ದರಿಂದ ಕುಡಿ. ಗೆದ್ದಾಗ ಹಣೆಬರಹ ಬೈದುಕೋ.
ಐನೂರರಿಂದ ಐದು ಸಾವಿರಕ್ಕೆ ಒಮ್ಮೆಲೇ ಹಾರಬೇಡ,
ಅಮಲು ಏರಿದ ಹಾಗೆ ಏರು.
ನೀನೀಗ ಅಡಿಕೆ ಮಂಡಿಯ ದಲಾಲಿ. ಗಟ್ಟಿಯಾಗಿ ನಗು.

ಭಾವನ ಉಂಗುರ ತೊಟ್ಟೆ. ರಾತ್ರಿ ಬಸ್ಸು ಹಿಡಿದೆ.
ಎರಡು ಸಲ ಹೋಗಿ ಬಂದೆ, ಒಟ್ಟು ಮೂವತ್ತೊಂದು ಸಾವಿರ,
ಸುಳ್ಳಲ್ಲ. ಚಹಾ ಬಿಸಿ ಇರುವಾಗಲೇ ಕುಡಿದು
ನಾಲಿಗೆ ಸುಟ್ಟುಕೊಂಡಿದ್ದೆ.

ಮೂರನೆಯ ಸಲ. ಪ್ಲಸ್ ಒಂಬತ್ತು.
ಹಡಗು ಒಂಚೂರು ವಾಲಿತು, ಅಥವಾ ನನಗೆ ಹಾಗನ್ನಿಸಿತು.
ಕರಿ ಕೋಟಿನ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು ನಿಂತಳು.
ಸಾರ್, ಯಾವೂರು?
ಕನ್ನಡ!
ಶಿವಮೊಗ್ಗ, ಅಡಿಕೆ ವ್ಯಾಪಾರ, ಎಂದು ನಕ್ಕೆ, ಗಟ್ಟಿಯಾಗಿ.
ಅವಳೂ ನಕ್ಕಳು, ಮೆಲ್ಲಗೆ.
ನಾನು ಆನಂದಪುರ. ಕಾಲೇಜಿಗೆ ನಿಮ್ಮ ಬಸ್ಸಲ್ಲೇ ಬರ್ತಿದ್ದೆ.
ಟಿಕೆಟ್ ಹಿಂದೆ ಮೂರು ರೂಪಾಯಿ ಅಂತ ಬರೆದುಕೊಟ್ರಿ ಒಂದಿನ,
ಇಳಿಯುವಾಗ ಇಸ್ಕೊಳ್ಳಿ ಅಂದ್ರಿ.
ಇಳಿಯುವಾಗ ನೀವು ಮುಂದಿನ ಬಾಗಿಲಲ್ಲಿದ್ರಿ, ನಾನು ಹಿಂದಿನದ್ರಲ್ಲಿ.

ತುಟಿ ಅಲ್ಲಾಡಿರಲಿಲ್ಲ, ಪ್ರಮಾಣ ಮಾಡಿ ಹೇಳುತ್ತೇನೆ.

ಈ ಮೇಜು ಬೇಡ ಸಾರ್, ಅಂದಳು, ಮನೆ ಮಗಳ ದನಿಯಲ್ಲಿ.
ಚಕ್ರ ಆಡಿ, ಬೇಕಾದಷ್ಟು ಹೊತ್ತು ಆಡಿ. ಊಟ ನಮ್ಮ ಕಡೆಯಿಂದ.
ಒಂದು ಬಿಲ್ಲೆ ಅವಳ ಕೈಗಿಡಲು ಹೋದೆ,
ನಿನ್ನ ಮೂರು ರೂಪಾಯಿ, ಎಂದೆ.
ಇಲ್ಲಿ ಚಿಲ್ಲರೆ ಇರೋದಿಲ್ಲ ಸಾರ್.

ಶಿವಮೊಗ್ಗದಲ್ಲಿ ಇಳಿದಾಗ ನಾಲ್ಕೂ ನಲವತ್ತು.
ಗೂಡಂಗಡಿಯ ಬಾಗಿಲು ಅರ್ಧ ತೆಗೆದಿತ್ತು, ಆ ಹೊತ್ತಿಗೇ.
ತುಟಿಯಾ? ಕೇಳಿದರು ಮಾಮ, ತಲೆ ಎತ್ತದೆ.
ಅಲ್ಲ. ಚಿಲ್ಲರೆ.
ಅವರು ಏನೂ ಅನ್ನಲಿಲ್ಲ. ಯಾರದೋ ಕೈಯ ಹಲ್ಲು ಉಜ್ಜುತ್ತಲೇ ಇದ್ದರು.
ಪಕ್ಕದಲ್ಲಿ ಅವರ ಚಹಾ, ಕೆನೆ ಕಟ್ಟಿ,
ತಣ್ಣಗಾಗಿತ್ತು.