ತುಂಬು ಒಂಬತ್ತು

ಕಳೆದ ರಾತ್ರಿ ಈ ಮನೆಯಲ್ಲಿ ಮಲಗಿದವರು ಎಷ್ಟು ಮಂದಿ?
ಇದು ನನ್ನ ಮೊದಲ ಪ್ರಶ್ನೆ. ಆಮೇಲೆ ಹೆಸರು, ಪ್ರಾಯ,
ಬುಡಕಟ್ಟಿಗೊಂದು ಸಂಕೇತ, ನೀರಿಗೊಂದು, ಪಾಯಿಖಾನೆಗೊಂದು.
ಮೈಮೇಲೆ ಸರ್ಕಾರದ ಅಂಗಿ, ಕೈಯಲ್ಲಿ ಟ್ಯಾಬ್ಲೆಟ್ಟು,
ಜೇಬಿನಲ್ಲಿ ಸೀಮೆಸುಣ್ಣ.
ದಾರಿ ತೋರಲು ಜೊತೆಗೆ ಹಿರಿಯ ಗಿತಾಹಿ:
ಟಾರ್ಚು ತಂದಿದ್ದಾನೆ, ಸೆಲ್ಲು ತಂದಿಲ್ಲ.

ನೈರೋಬಿ ಹೆದ್ದಾರಿಯ ಕಡೆಯಿಂದ ಶುರು.
ಚಿಕ್ಕವಳಿದ್ದಾಗ ಇಲ್ಲೇ ಕಾಫಿ ಬಿಡಿಸುತ್ತಿದ್ದೆ,
ಡಬ್ಬಕ್ಕಿಷ್ಟು ಎಂದು ಕೂಲಿ.
ಈಗ ಏಳಂತಸ್ತು, ಲಿಫ್ಟಿಲ್ಲ,
ಬಾಗಿಲಿಗೊಂದು ಕೋಣೆ, ಕೋಣೆಗೊಂದು ಗ್ಯಾಸ್ ಒಲೆ,
ಒಲೆಯ ಪಕ್ಕ ಇಪ್ಪತ್ತೈದರ ಆಸುಪಾಸಿನ ಒಬ್ಬರು.
ಇಡೀ ಕಟ್ಟಡದಲ್ಲಿ ಒಂದು ಮುದಿ ಕೆಮ್ಮು ಕೇಳಿಸಲಿಲ್ಲ.

ಮೂರನೇ ಮಹಡಿಯ ಮೊರಾ, ಕಿಸೀ ಕಡೆಯವಳು,
ಹೂವಿನ ಕಾರ್ಖಾನೆಯಲ್ಲಿ ಗುಲಾಬಿ ಕಟ್ಟುತ್ತಾಳೆ.
ಮಕ್ಕಳು? ಇಬ್ಬರು. ಎಲ್ಲಿ? ಅಮ್ಮನ ಹತ್ತಿರ.
ನಿನ್ನೆ ಇಲ್ಲಿ ಮಲಗಿದ್ದರೆ ಮಾತ್ರ, ಎಂದೆ.
ಅವಳು ಕಿಟಕಿಯ ಕಡೆ ನೋಡಿದಳು.
ಅಲ್ಲಿ ಎರಡು ಜೊತೆ ಪುಟ್ಟ ಬೂಟು, ಡಿಸೆಂಬರಿಗೆಂದು ಕೊಂಡದ್ದು,
ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ.
ಬೂಟಿಗೆ ಕಾಲಮ್ಮಿಲ್ಲ.

ಗೇಟಿನ ಕಾವಲುಗಾರ ಲೊಕ್ವಾಂಗ್, ತುರ್ಕಾನಾದವನು.
ನಿನ್ನೆ ರಾತ್ರಿ ಎಲ್ಲಿ ಮಲಗಿದ್ದೆ?
"ಮಲಗಿದರೆ ಕೆಲಸ ಹೋಗುತ್ತೆ, ಟೀಚರ್."
ಮೇಲಧಿಕಾರಿಗೆ ಫೋನ್ ಮಾಡಿದೆ.
ಗೇಟಿನಲ್ಲೇ ಬರೆ, ಎಂದರು. ಬರೆದೆ.

ಅಂಗಡಿಯ ಗುಲೇದ್ ಹುಟ್ಟಿದ್ದು ಇದೇ ಊರಲ್ಲಿ,
ಗಿಕುಯು ನನಗಿಂತ ಚೆನ್ನಾಗಿ ಆಡುತ್ತಾನೆ, ಗಾದೆ ಸಮೇತ.
"ಯಾವ ಸಂಕೇತ ಹಾಕ್ತೀಯ ನಂಗೆ?" ಎಂದ.
ಕೇಳಿ ಬರೆಯಬೇಕೆಂದು ನಿಯಮ. ಕೇಳಿದೆ.
ಸಾಲ ಕೊಟ್ಟವನಂತೆ ನಕ್ಕ.

ತರಬೇತಿಯಲ್ಲಿ ಕರಿಹಲಗೆ ಮೇಲೆ ಚಿತ್ರ ಬಿಡಿಸಿದ್ದರು:
ಒಂದು ಕಾಲದಲ್ಲಿ ನಮ್ಮ ಕೌಂಟಿ ಗೋಪುರ,
ಬುಡದಲ್ಲಿ ಕೂಸುಗಳು, ತುದಿಯಲ್ಲಿ ನಾಲ್ಕಾರು ಅಜ್ಜಂದಿರು.
ಈಗ ಬುಡ ಸಣ್ಣಗಾಗಿದೆ, ನಡು ಉಬ್ಬಿದೆ,
ಎಲ್ಲೆಲ್ಲಿಂದಲೋ ಬಂದ ಹರೆಯ ತುಂಬಿಕೊಂಡು
ಸೋರೆಬುರುಡೆ.

ಟಾರು ಮುಗಿಯುವಲ್ಲಿ ಚಹಾದ ದಿಣ್ಣೆ ಶುರು.
ಒಂದು ಮನೆಯ ನಾಯಿ ಸುಮ್ಮನಾದ ಮೇಲೆಯೇ
ಮುಂದಿನ ಮನೆಯದು ಬೊಗಳುವಷ್ಟು ದೂರ ದೂರ.
ವಾಂಗೆಚಿ ಅಜ್ಜಿ ಎದ್ದೇ ಇದ್ದಳು, ಹಾಲಿನ ಲೆಕ್ಕ ಬರೆಯುತ್ತ.
ಕೆಳಗಿನ ತುಂಡು ಏಳಂತಸ್ತಿನವನಿಗೆ ಕೊಟ್ಟವಳು ಇವಳೇ,
ಬಾಡಿಗೆಯಲ್ಲಿ ಪಾಲಿದೆ, ಮಾತಿನಲ್ಲೂ ಇದೆ.
ಚಾಪೆಯ ಮೇಲೆ ಮೊಮ್ಮಕ್ಕಳ ಕಾಲು, ಕೈ, ಮತ್ತೆ ಕಾಲು.

ಎಷ್ಟು ಮಂದಿ, ಅಜ್ಜಿ?
"ಲೀಟರು ಕೇಳು, ಹೇಳ್ತೀನಿ. ಮಕ್ಕಳನ್ನ ಎಣಿಸಬೇಡ.
ನಮ್ಮ ಮೂಲತಾಯಿಗೆ ಹೆಣ್ಣುಮಕ್ಕಳು ಎಷ್ಟು?"
ತುಂಬು ಒಂಬತ್ತು, ಎಂದೆ.
ಬಾಯಿಗೆ ಬಂದದ್ದು ಹಾಗೇ;
ಹತ್ತು ಎಂದರೆ ಯಾವುದೋ ಕಣ್ಣು ಬೀಳುತ್ತದೆಂದು
ನನ್ನಮ್ಮ ಕಲಿಸಿದ್ದು, ಕಾಲೇಜು ಅಳಿಸಲಿಲ್ಲ.
"ನೋಡಿದೆಯಾ," ಎಂದಳು.

ಆಮೇಲೆ ಒಂದೊಂದೇ ಹೆಸರು ಹೇಳಿದಳು.
ಇವನು ನನ್ನ ಗಂಡ, ಇವಳು ನನ್ನ ಅತ್ತೆ,
ಆ ಮೂಲೆಯಲ್ಲಿ ಬೆರಳು ಚೀಪುವವಳು ನಾನು.
ಹಿರಿಯರ ಹೆಸರು ಕಿರಿಯರಿಗಿಡುವ ನಮ್ಮ ಸೀಮೆಯಲ್ಲಿ
ಚಾಪೆ ತುಂಬ ಸತ್ತವರು, ಬೆಚ್ಚಗೆ, ಮೂಗು ಸೋರುತ್ತ.
ಟ್ಯಾಬ್ಲೆಟ್ಟು ಪ್ರತಿ ಹೆಸರಿಗೂ ಪ್ರಾಯ ಕೇಳಿತು.
ಕೊಟ್ಟೆ: ನಾಲ್ಕು, ಆರು, ಎರಡೂವರೆ.

ಹೊರಬಂದು ಬಾಗಿಲಿಗೆ ಸುಣ್ಣದಲ್ಲಿ ಸಂಖ್ಯೆ ಬರೆದೆ.
ಗಿತಾಹಿ ಟಾರ್ಚನ್ನು ತೊಡೆಗೆ ಬಡಿದ, ಹತ್ತಿತು, ಆರಿತು.

ಐದು ಗಂಟೆಗೆ ಮೇಲಧಿಕಾರಿಯ ಫೋನು:
ಗಾಥೋನಿ, ನಿನ್ನ ಬ್ಲಾಕಿನ ಮೊತ್ತ?
ಮುನ್ನೂರ ಒಂಬತ್ತು, ಸಾರ್. ತುಂಬು.
ಆ ಕಡೆ ಒಂದು ಕ್ಷಣ ಸದ್ದಿಲ್ಲ.
ಅವರೂ ಇದೇ ದಿಣ್ಣೆಯವರು.
ಮುನ್ನೂರ ಹತ್ತು ಅಂತ ಬರೆದುಕೊಳ್ಳಲಾ?
ನೀವು ಬರೀರಿ ಸಾರ್, ಎಂದೆ,
ನಾನು ಹೇಳೋದಿಲ್ಲ.