ಎರೆ ನೆಲಕ್ಕೆ ಎರಡು ಕಂಬ

ಹುಬ್ಬಳ್ಳಿಯಿಂದ ಬಂದ ಹುಡುಗ ಬಾನೆಟ್ಟಿನ ಮೇಲೆ
ಬಣ್ಣದ ಪುಸ್ತಕ ಬಿಚ್ಚಿಟ್ಟ.
ಎರಡು ಕಂಬದ್ದು, ನಾಲ್ಕು ಕಂಬದ್ದು, ಕತ್ತರಿಯಂತೆ ಮಡಚುವಂಥದ್ದು.
‘ಎಷ್ಟು ಟನ್ನಿಂದು ಬೇಕ್ರಿ ಸಾವ್ಕಾರ್ರ?’
ಸಾವ್ಕಾರ ಅಂದದ್ದಕ್ಕೆ ಲಾಡ್ಲೇ
ಟೈರಿನ ಹಿಂದೆ ಮುಖ ಮರೆಸಿ ನಕ್ಕ.

ಎಷ್ಟು ಟನ್?
ಕಂಪನಿ ಬರೆದ ತೂಕ ಒಂದು, ಸಿಂಧನೂರಿನ ತೂಕ ಇನ್ನೊಂದು.
ಕ್ರೂಸರ್ ಬರುತ್ತದೆ ಮೆಣಸಿನಕಾಯಿ ಬಿಡಿಸುವವರನ್ನು ಹೊಲದಲ್ಲಿಳಿಸಿ,
ಟಾಪಿನ ಮೇಲೆ ಇನ್ನೂ ಬುತ್ತಿಗಂಟು, ನೀರಿನ ಕೊಡ,
ಒಮ್ಮೆ ಒಂದು ಆಡಿನ ಮರಿ.
ಬೊಲೆರೊ ಬರುತ್ತದೆ ಗದ್ದೆಯ ರಾಡಿಯನ್ನು
ಹೊಟ್ಟೆಗೆ ಮೆತ್ತಿಕೊಂಡು. ಒಣಗಿದ ಮೇಲೆ ಕೆರೆದರೆ
ಎರಡು ಬುಟ್ಟಿ.
ಛೋಟಾ ಹಾಥಿಯ ಹಿಂದಿನ ಪಾಟಾ ನೋಡಿದರೆ ಸಾಕು,
ಭತ್ತದ ಚೀಲ ಎಷ್ಟು ಸುಳ್ಳು ಹೇಳಿವೆ ತಿಳಿಯುತ್ತದೆ.
‘ನಾಲ್ಕು’ ಅಂದೆ. ಆಮೇಲೆ, ‘ನಾಲ್ಕೂವರೆ.’

ಇಪ್ಪತ್ತಾರು ವರ್ಷ ನನ್ನ ಲಿಫ್ಟು ಈ ಕುಣಿ.
ಗಾಡಿ ಏರಲಿಲ್ಲ, ನಾನೇ ಇಳಿದೆ.
ಐದಡಿ ಆಳ, ಎರಡೂವರೆ ಅಗಲ.
ಅಳತೆ ಕೇಳಿದ ದಿನ ಅವ್ವ ಬಾಯಿಗೆ ಸೆರಗು ಹಿಡಿದಿದ್ದಳು.
ಕಾಲುವೆಗೆ ನೀರು ಬಿಟ್ಟ ತಿಂಗಳು
ಅಡಿಯಿಂದ ಜಿನುಗುತ್ತಿತ್ತು; ಕಪ್ಪೆಗಳು
ಸುಟ್ಟ ಆಯಿಲಿನಲ್ಲಿ ಮಿಂದು ಹೋಗುತ್ತಿದ್ದವು.
ಈ ಊರ ಮಂದಿಯ ಮುಖಕ್ಕಿಂತ
ಅವರ ಗಾಡಿಗಳ ತಳ ನನಗೆ ಹೆಚ್ಚು ಪರಿಚಯ.
ಡಾಕ್ಟರರ ಸೈಲೆನ್ಸರಿಗೆ ನಾಲ್ಕು ತೇಪೆ.
ಯಾರಿಗೂ ಹೇಳಿಲ್ಲ.

ಯಂಕೋಬ ಮೇಸ್ತ್ರಿ ಬಂದ. ಪುಸ್ತಕ ನೋಡಲಿಲ್ಲ.
ಹಾರೆ ತಗೊಂಡು ಮೂಲೆಯಲ್ಲಿ ಕುಟ್ಟಿದ.
ಟೊಳ್ಳು ಸಪ್ಪಳ.
ನಾಲ್ಕಿಂಚು ಬೆಡ್ಡು, ಅದರ ಕೆಳಗೆ ಬರೀ ಎರೆ.
‘ಮಾಬುಸಾಬಣ್ಣ, ಇದು ನೆಲ ಅಲ್ಲ, ನಾದಿದ ಹಿಟ್ಟು.
ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಗಿಗೆ ಬಾಯಿ ಬಿಡತೈತಿ.
ಇದರಾಗ ಕಂಬ ನೆಟ್ರ
ಗಾಡಿಗಿಂತ ಮೊದ್ಲು ನೆಲಾನ ಏಳತೈತಿ.’

ಹುಡುಗ ಬೋಲ್ಟು ತೋರಿಸಿದ, ಗೇಣುದ್ದದ್ದು.
ಗ್ಯಾರಂಟಿ ಕಾಗದದಲ್ಲಿ ನೆಲದ ಮಾತಿರಲಿಲ್ಲ.

ನಾಲ್ಕು ಕಂಬದ್ದಾದರೆ ಭಾರ ಹಂಚಿ ಹೋಗುತ್ತದಂತೆ.
ಆದರೆ ಗಾಲಿ ಹಲಗೆಯ ಮೇಲೇ ಕೂತಿರುತ್ತದೆ,
ಬ್ರೇಕಿನ ಕೆಲಸಕ್ಕೆ ಮೇಲೊಂದು ಜಾಕು ಬೇಕು.

ಜಾಕು ಅಂದೊಡನೆ
ಲಾಡ್ಲೇ ಕೈಯೊಳಗಿನ ಪಾನಾ ಕೆಳಗಿಟ್ಟ.
ಅವನಪ್ಪ ರಾಜಾಸಾಬ, ಗಂಗಾವತಿ ರಸ್ತೆಯ ಶೆಡ್ಡು,
ಎತ್ತಿದ ಲಾರಿಯ ಕೆಳಗೆ ಗೋಣಿಚೀಲ ಹಾಸಿ ಮಲಗಿದ್ದ.
ಜಾಕು ಜಾರಿತು ಅನ್ನುತ್ತಾರೆ ಎಲ್ಲರೂ,
ಜಾಕಿಗೂ ಕಾಲಿದ್ದಂತೆ.
ಒತ್ತು ಕೊಡುವ ಬೇವಿನ ದಿಮ್ಮಿಯನ್ನು ಅವತ್ತು
ಬೇರೆ ಗಾಡಿಗೆಂದು ಎತ್ತಿಕೊಂಡು ಹೋದವನು ನಾನು.
ಅದನ್ನು ಯಾರೂ ಕೇಳಿಲ್ಲ.

‘ಕರೆಂಟ್ ಹೋದ್ರ?’
‘ಲಾಕ್ ಐತ್ರಿ. ಎರಡೂ ಕಂಬಕ್ಕ. ಮೂರಿಂಚಿಗೊಂದು ಹಲ್ಲು.’
‘ಅದರ ಸಪ್ಪಳ ಕೇಳಿಸು.’
ಮೊಬೈಲ್ ತೆಗೆದ. ಕಾರು ಏರುತ್ತಿತ್ತು,
ಹಿಂದೆ ಯಾವುದೋ ಸಿನಿಮಾ ಹಾಡು.
‘ಪದ ಇಲ್ಲದ್ದು ಇಲ್ಲೇನು?’
ಹುಡುಕಿ, ಗೋದಾಮಿನಲ್ಲಿ ತಾನೇ ಹಿಡಿದದ್ದೊಂದು ಹಚ್ಚಿದ.
ಟಕ್. ಟಕ್. ಟಕ್.
ಕಿವಿಗೆ ಹಿಡಿದು ಕೇಳಿ
ಲಾಡ್ಲೇ ಕೈಗೆ ಕೊಟ್ಟೆ.
ಅವನು ಮೂರು ಸಲ ಕೇಳಿದ, ಚಿತ್ರ ನೋಡದೆ.

‘ಎರಡು ಕಂಬದ್ದು’ ಅಂದೆ.
ಯಂಕೋಬ ಬೀಡಿ ಹಚ್ಚಿದ: ‘ಗರಸು ಹತ್ತೋತನಕ ಅಗೀಬೇಕು.
ಕಬ್ಬಿಣ, ಜಲ್ಲಿ, ಇಪ್ಪತ್ತೆಂಟು ದಿನ ನೀರು ಉಣಸಬೇಕು.’
ರಾತ್ರಿ ಲೆಕ್ಕ ಹಾಕಿದ ದಾವಲಬಿ
ಪೆನ್ನಿನ ಟೋಪಿ ಕಚ್ಚಿ ಅಂದಳು:
‘ಏಳೋದಕ್ಕಿಂತ ಇಳಿಯೋದಕ್ಕ ಹೆಚ್ಚು ಖರ್ಚಲ್ಲ.’

ಇವತ್ತು ಮೂರನೆಯ ದಿನ.
ಲಾಡ್ಲೇ ಎದೆಮಟ್ಟ ಇಳಿದಿದ್ದಾನೆ, ಹಾರೆ ಎತ್ತಿ ಹಾಕುತ್ತಿದ್ದಾನೆ.
ದಂಡೆಯ ಮೇಲೆ ಕೂತು ಕಿವಿಗೊಟ್ಟಿದ್ದೇನೆ.
ಅವನನ್ನು ಮೇಲಿನಿಂದ ನೋಡುವುದು ರೂಢಿಯಿಲ್ಲ ನನಗೆ.
‘ಹತ್ತಿತೇನೋ?’
‘ಇಲ್ಲ ಉಸ್ತಾದ. ಇನ್ನೂ ಕಪ್ಪ ಐತಿ.’