ಅರ್ಧ ಗಂಟೆ ನೆಟ್ಟಗೆ

ಗಸಗಸೆ ಕಾಳಿನಷ್ಟು ಉಣ್ಣಿ.
ಎಲ್ಡನ್‌ನ ಮೊಣಕಾಲ ಹಿಂದೆ, ಬೆವರು ನಿಲ್ಲುವ ಮಡಿಕೆಯಲ್ಲಿ
ಎಷ್ಟು ದಿನ ಕೂತಿತ್ತೋ.
ಡಿಸೆಂಬರಿಗೆ ಮಾರುವ ಫರ್ ಗಿಡಗಳನ್ನು
ಜುಲೈಯಲ್ಲೇ ಸವರಿ ಗೋಪುರ ಮಾಡುತ್ತಾನೆ ನನ್ನ ಗಂಡ,
ಸೊಂಟದೆತ್ತರದ ಹುಲ್ಲಿನಲ್ಲಿ, ಚಡ್ಡಿ ಹಾಕಿಕೊಂಡು.
ಹೇಳಿದರೆ ಕೇಳುವ ಪೈಕಿ ಅಲ್ಲ.

ಕೆಂಪು ಬಳೆ ಮೂಡಿತು, ಮಾಯವಾಯಿತು.
ಆಮೇಲೊಂದು ಬೆಳಿಗ್ಗೆ ಮೊಣಕಾಲು
ಹುದುಗು ಬಂದ ಹಿಟ್ಟು.
ಬ್ರಿಜ್‌ವಾಟರಿನ ಡಾಕ್ಟರು ಬರೆದುಕೊಟ್ಟರು:
ಡಾಕ್ಸಿಸೈಕ್ಲಿನ್, ದಿನಕ್ಕೆರಡು, ಇಪ್ಪತ್ತೆಂಟು ದಿನ.

ಉಣ್ಣಿ ಕಚ್ಚಿದವನಿಗೆ
ಊರಿಗೂರೇ ಉಣ್ಣಿ, ಉಣ್ಣಿ ಎಂದಿತು.

ನಾದಿನಿ ಮರ್ಟಲ್ ತಂದಳು ಮೆಗ್ನೀಸಿಯಂ,
ತನ್ನ ಕಾಲಸೆಳೆತ ಹೋಗಿದ್ದು ಅದರಿಂದಲೇ ಅಂತೆ.
ಚರ್ಚಿನ ಹೆಂಗಸರು ಕಬ್ಬಿಣದ ಮಾತ್ರೆ ಕಳಿಸಿದರು,
ಜೊತೆಗೊಂದು ಸೀಸೆ ಹುಳಿಮಜ್ಜಿಗೆ.
ದೋಣಿ ರಿಪೇರಿಯ ವಿಲ್ಫ್ ನಿಕಲ್ ಬಂದ,
ಟೋಪಿ ತೆಗೆಯದೆ ಮೇಜಿನ ಮೇಲಿಟ್ಟ
ಕಂದು ಗಾಜಿನ ಪುಟ್ಟ ಬಾಟಲಿ, ಮೂವತ್ತನಾಲ್ಕು ಡಾಲರು.
ಲೇಬಲ್ ಓದಿ ಎಲ್ಡನ್ ನಕ್ಕ,
ಕಾಯಿಲೆ ಬಿದ್ದಮೇಲೆ ಮೊದಲ ನಗು.
ನಾಟ್‌ವೀಡ್ ಬೇರಿನ ಸಾರ!
ಹನ್ನೊಂದು ವರ್ಷದಿಂದ ನಮ್ಮ ಮೋರಿಯಂಚಲ್ಲಿ
ಕಡಿದಷ್ಟೂ ಚಿಗುರುವ, ಸುಟ್ಟರೂ ಸಾಯದ,
ಶೆಡ್ಡಿನ ಕಾಂಕ್ರೀಟು ಸೀಳಿ ತಲೆಯೆತ್ತಿದ
ಅದೇ ಪೀಡೆ.

ಎಲ್ಲವನ್ನೂ ಚೀಲಕ್ಕೆ ತುಂಬಿ
ಔಷಧಿ ಅಂಗಡಿಯ ಅಡೀಲ್ ಹಿರ್ಟಲ್ ಮುಂದೆ ಸುರಿದೆ.
"ಹಾಲು, ಕ್ಯಾಲ್ಸಿಯಂ, ಕಬ್ಬಿಣ, ಈ ಮೆಗ್ನೀಸಿಯಂ" ಎಂದಳು,
"ಹೊಟ್ಟೆಯಲ್ಲೇ ಮದ್ದಿನ ಕೈ ಹಿಡಿದುಬಿಡುತ್ತವೆ,
ರಕ್ತಕ್ಕಿಳಿಯಲು ಬಿಡುವುದಿಲ್ಲ.
ತಗೊಳ್ಳಲೇಬೇಕೆಂದರೆ ಗಂಟೆಗಟ್ಟಲೆ ಅಂತರ ಇರಲಿ."
ಕಂದು ಬಾಟಲಿಯನ್ನು ಮಾತ್ರ ಬೆಳಕಿಗೆ ಹಿಡಿದು
ಬಹಳ ಹೊತ್ತು ನೋಡಿದಳು.
"ಗಾಜಿನ ತಟ್ಟೆಯಲ್ಲಿ ಏನೋ ಮಾಡುತ್ತದಂತೆ.
ಎಲ್ಡನ್ ತಟ್ಟೆಯಲ್ಲ. ನನಗೆ ಗೊತ್ತಿಲ್ಲ."
ಆ ತಿಂಗಳು ನನಗೆ ಯಾರೂ
ಗೊತ್ತಿಲ್ಲ ಅಂದಿರಲಿಲ್ಲ.

ಫ್ರಿಜ್ಜಿನ ಮೇಲೆ, ಕಡಲಿನ ಉಬ್ಬರವಿಳಿತದ ಪಟ್ಟಿಯ ಪಕ್ಕ
ನನ್ನದೊಂದು ಪಟ್ಟಿ ಅಂಟಿಸಿದೆ.
ಹತ್ತಕ್ಕೆ ಮಾತ್ರೆ, ಎರಡಕ್ಕೆ ಮೊಸರು,
ಒಂದೇ ಕಟ್ಟೆಗೆ ಎರಡು ದೋಣಿ ಬರಕೂಡದು.
ಕಬ್ಬಿಣ ಬೇಡ. ರಕ್ತ ಪರೀಕ್ಷೆಯಲ್ಲಿ ಅವನಿಗೆ ಕಬ್ಬಿಣದ ಕೊರತೆಯೇ ಇರಲಿಲ್ಲ.

ನಿಜ ಹೇಳುತ್ತೇನೆ, ಸೀಸೆಗಳು ಬೇಕಾಗಿದ್ದುದು ನನಗೆ.
ರಾತ್ರಿ ಎರಡು ಗಂಟೆಗೆ ಎದ್ದು
ಎತ್ತರದ ಪ್ರಕಾರ ಸಾಲು ನಿಲ್ಲಿಸುತ್ತಿದ್ದೆ,
ಬಣ್ಣದ ಪ್ರಕಾರ, ಮತ್ತೆ ಎತ್ತರದ ಪ್ರಕಾರ.
ಸುಮ್ಮನೆ ಕಾಯುವುದಕ್ಕೆ
ಮುಚ್ಚಳ ಇರುವುದಿಲ್ಲ, ತಿರುಗಿಸಲು.

ಆ ಮಾತ್ರೆ ನುಂಗಿ ಮಲಗುವಂತಿಲ್ಲ, ಗಂಟಲು ಸುಟ್ಟೀತು,
ಅರ್ಧ ಗಂಟೆ ನೆಟ್ಟಗೆ ಕೂರಬೇಕು.
ರಾತ್ರಿ ಹತ್ತಕ್ಕೆ ಅಡುಗೆಮನೆಯಲ್ಲಿ ಎರಡು ಕುರ್ಚಿ,
ತುಂಬಿದ ಒಂದು ಲೋಟ ನೀರು.
ಮೂರನೆಯ ರಾತ್ರಿ ಅವನೆಂದ:
"ಗುರುವಾರದ ಟರ್ನಿಪ್ ಗೊಜ್ಜು ನನಗೆ ಸೇರುವುದಿಲ್ಲ."
ಮೂವತ್ತೊಂದು ವರ್ಷದ ಗುರುವಾರಗಳು!
ಒಂಬತ್ತನೆಯ ರಾತ್ರಿ ತನ್ನ ಅಪ್ಪನ ಬಗ್ಗೆ.
ಹದಿನಾರನೆಯ ರಾತ್ರಿ, ಲೋಟ ನೋಡುತ್ತ:
"ಸಾಲಿನ ಕೊನೆವರೆಗೆ ನಡೆಯಲಾಗದಿದ್ದರೆ
ಮರಗಳನ್ನು ಯಾರಿಗೆ ಕೊಡೋಣ?"
ನಾನು ಗಡಿಯಾರ ನೋಡಿದೆ.
ಇನ್ನೂ ಹನ್ನೊಂದು ನಿಮಿಷವಿತ್ತು.

ಇಪ್ಪತ್ತೆಂಟು ಮುಗಿಯಿತು.
ಬಾವು ಮುಕ್ಕಾಲು ಇಳಿದಿದೆ, ಕಾಲು ಉಳಿದಿದೆ,
ಕಾದು ನೋಡೋಣ ಅಂದಿದ್ದಾರೆ.
ಮರ್ಟಲ್‌ಗೆ ಅವಳ ಮೆಗ್ನೀಸಿಯಂ ವಾಪಸು.
ಪ್ಯಾಂಟಿನ ತುದಿ ಕಾಲುಚೀಲಕ್ಕೆ ತುರುಕಿ
(ಕಲಿತಿದ್ದಾನೆ)
ಕುಂಟುತ್ತ ಮೋರಿಯಂಚಿಗೆ ಹೋದ ಎಲ್ಡನ್.
ನಾಟ್‌ವೀಡ್ ಬಿಳಿ ಹೂ ಬಿಟ್ಟಿತ್ತು, ಮೈತುಂಬ ಜೇನುಹುಳ.
ಕತ್ತಿ ಎತ್ತಲಿಲ್ಲ.
ಕಂದು ಬಾಟಲಿಯನ್ನು ಅದರ ಬುಡಕ್ಕೆ ಸುರಿದು
"ಮನೆಗೆ ಹೋಗು" ಎಂದ.

ಆ ರಾತ್ರಿ ಮಾತ್ರೆ ಇರಲಿಲ್ಲ.
ಹತ್ತಕ್ಕೆ ಅಡುಗೆಮನೆಯಲ್ಲಿ
ಕುರ್ಚಿ ಎಳೆದ ಸದ್ದು.
ಹೋಗಿ ಕೂತೆ.
"ನಾಳೆ ಗುರುವಾರ" ಎಂದ.